ಸತ್ತವರ ಪಥ್ಯ

ನಮ್ಮೂರಲ್ಲಿ ಸತ್ತವರಿಗೂ ನನ್ನ ಅಂಗಡಿಯಿಂದಲೇ ಊಟ ಹೋಗುತ್ತಿತ್ತು. ಬದುಕಿರುವವರ ಮಾತು ಕೇಳಲೇಬೇಡಿ. ಮೇಕ್ಲೋಂಗ್ ನದಿಯ ಕಾಲುವೆ ಪಕ್ಕದ ಈ ಸಂತೆಬೀದಿಯಲ್ಲಿ ಮನೆಯಲ್ಲಿ ಒಲೆ ಹಚ್ಚುವವರು ನೂರಕ್ಕೆ ಹತ್ತು ಮಂದಿ ಇದ್ದರೆ ಹೆಚ್ಚು. ಉಳಿದವರೆಲ್ಲ ಬೆಳಿಗ್ಗೆ ನನ್ನ ಹದಿನಾಲ್ಕು ತಪ್ಪಲೆಗಳ ಮುಂದೆ ನಿಂತು, "ಬುಪ್ಪಾ ಚಿಕ್ಕಮ್ಮ, ಇವತ್ತೇನು?" ಎಂದು ಮುಚ್ಚಳ ಎತ್ತಿ ನೋಡಿ, ಸಾರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಹೋಗುವವರು. ಚೀಲಕ್ಕೆ ಗಾಳಿ ತುಂಬಿ ರಬ್ಬರ್ ಬ್ಯಾಂಡ್ ಸುತ್ತುವುದಕ್ಕೆ ನನಗೆ ಕಣ್ಣು ಬೇಕಾಗಿಲ್ಲ. ಮೂವತ್ತಾರು ವರ್ಷದಿಂದ ಇದೇ ಕೆಲಸ.

ಅಂಗಡಿಯ ಎಡಗಡೆ ಮೇಜಿನ ಮೇಲೆ ಇರುತ್ತಿದ್ದುದು ಭಿಕ್ಷೆಯ ಕಟ್ಟುಗಳು. ಒಂದು ಚೀಲ ಅನ್ನ, ಒಂದು ಚೀಲ ಸಾರು, ಒಂದು ಸಿಹಿ, ಒಂದು ಬಾಟಲಿ ಪಾನಕ. ಬೆಳಿಗ್ಗೆ ಆರಕ್ಕೆ ವಿಹಾರದಿಂದ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರುತ್ತಾರೆ. ಜನ ಕಟ್ಟು ಕೊಂಡು, ಚಪ್ಪಲಿ ಬಿಟ್ಟು, ಅವರ ಪಾತ್ರೆಗೆ ಹಾಕಿ ಮಂಡಿಯೂರುತ್ತಾರೆ. ಆಮೇಲೆ ಪುಟ್ಟ ಗಿಂಡಿಯಿಂದ ನೀರು ಬಿಟ್ಟು, ತೀರಿಕೊಂಡವರ ಹೆಸರು ಹೇಳುತ್ತಾರೆ. ಭಿಕ್ಷು ಉಂಡದ್ದು ಅವರಿಗೆ ಮುಟ್ಟುತ್ತದೆ. ಹಾಗಾಗಿ ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದೇ ಕಟ್ಟಿನಲ್ಲಿ ಇರಬೇಕು. ಸತ್ತವರ ನಾಲಿಗೆ ಬಲು ದುಬಾರಿ. ಒಬ್ಬರಿಗೆ ಹಂದಿಕಾಲಿನ ಮಾಂಸ, ಇನ್ನೊಬ್ಬರಿಗೆ ತೆಂಗಿನಹಾಲಿನ ಕೋಳಿಸಾರು, ಮತ್ತೊಬ್ಬರಿಗೆ ಪಾಕದಲ್ಲಿ ಬೆಂದ ಮೊಟ್ಟೆಯ ಹಳದಿ ಹನಿಗಳು. ಹಾಗಲಕಾಯಿಯನ್ನು ಇಷ್ಟಪಟ್ಟು ಸತ್ತವನೊಬ್ಬನನ್ನೂ ನಾನಿನ್ನೂ ಕಂಡಿಲ್ಲ.

ಆ ಸಾಲಿನಲ್ಲಿ ಮೂರನೆಯವನಾಗಿ ಬರುತ್ತಿದ್ದವನು ನನ್ನ ತಮ್ಮ ಥೊಂಗ್‌ಬಾಯ್. ನನಗಿಂತ ಹದಿಮೂರು ವರ್ಷ ಚಿಕ್ಕವನು. ಅಮ್ಮ ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದಳು, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಇಪ್ಪತ್ತೆರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ, ಎಲ್ಲ ಗಂಡುಮಕ್ಕಳ ಹಾಗೆ ಅವನೂ ಚಿತೆಯ ದಿನಕ್ಕೆಂದು ತಲೆ ಬೋಳಿಸಿ ಕಾವಿ ಉಟ್ಟ. ಮಾರನೇ ದಿನ ಬಿಚ್ಚಬೇಕಿತ್ತು, ಬಿಚ್ಚಲಿಲ್ಲ. ಅಂದಿನಿಂದ ನಾನು ಅವನನ್ನು ಹೆಸರು ಹಿಡಿದು ಕರೆಯುವಂತಿಲ್ಲ, "ಗುರುಗಳೇ" ಅನ್ನಬೇಕು. ಹೆಂಗಸಾದ್ದರಿಂದ ಮುಟ್ಟುವಂತೆಯೂ ಇಲ್ಲ. ಏನಾದರೂ ಕೊಡಬೇಕಾದರೆ ಅವನು ಬಟ್ಟೆಯೊಂದನ್ನು ಹಾಸುತ್ತಿದ್ದ, ನಾನು ಅದರ ಮೇಲಿಡುತ್ತಿದ್ದೆ. ಎದುರಿಗೆ ಎಷ್ಟೇ ಗೌರವ ಕೊಟ್ಟರೂ ನನ್ನ ಮನಸ್ಸಿನಲ್ಲಿ ಅವನು ಅವನೇ, ಅವರಾಗಲಿಲ್ಲ.

ಆರು ವರ್ಷದ ಹಿಂದೆ ಅವನಿಗೆ ಸಕ್ಕರೆ ಕಾಯಿಲೆ ಅಂದರು. ಹೋದ ಚಳಿಗಾಲದಲ್ಲಿ ಬಲಗಾಲಿನ ಹೆಬ್ಬೆರಳು ಕಪ್ಪಾಯಿತು, ಕತ್ತರಿಸಿದರು, ದಿನಾ ಇನ್ಸುಲಿನ್ ಇಂಜೆಕ್ಷನ್ ಶುರು ಮಾಡಿದರು. ಜಿಲ್ಲಾ ಆಸ್ಪತ್ರೆಯ ಡಾಕ್ಟರು ಗಾಯ ನೋಡಿ, "ಪಾದದಲ್ಲಿ ಇನ್ನೊಂದು ಹುಣ್ಣಿದೆ. ಇದು ಮಾಯದಿದ್ರೆ ಪಾದ ಹೋಗುತ್ತೆ, ಆಮೇಲೆ ಮೊಣಕಾಲು, ಆಮೇಲೆ ನಾನು ಹೇಳಲ್ಲ. ದಿನಾ ಏನು ತಿಂತೀರಿ ಗುರುಗಳೇ?" ಎಂದು ಕೇಳಿದರು.

"ಕೊಟ್ಟಿದ್ದು," ಅಂದ ನನ್ನ ತಮ್ಮ.

"ಕೊಡೋರು ಏನು ಕೊಡ್ತಾರೆ?"

"ಅಂಗಡೀಲಿ ಸಿಕ್ಕಿದ್ದು."

ಡಾಕ್ಟರು ನಿಟ್ಟುಸಿರು ಬಿಟ್ಟರು. "ಬೀದಿ ಊಟ ಯಾವಾಗ್ಲೋ ಒಂದ್ಸಲ ಆದ್ರೆ ಸರಿ. ದಿನಾ, ವರ್ಷಗಟ್ಟಲೆ, ಅದೂ ಊಟಕ್ಕೆ ಬೇರೆ ದಾರೀನೇ ಇಲ್ಲದೋರಿಗೆ? ಯಾವ ಪುಣ್ಯಾತ್ಮರು ಅಷ್ಟೊಂದು ಬೆಲ್ಲ ಸುರೀತಾರೋ ಗೊತ್ತಿಲ್ಲ." ತಮ್ಮ ನೆಲ ನೋಡಿದ. ನಾನು ಕೈಚೀಲದ ಹಿಡಿ ತಿರುಚುತ್ತಾ ಕೂತೆ.

ಮೊದಲು ನನಗೆ ಬಂದದ್ದು ಸಿಟ್ಟು. ನನ್ನ ಚೀಲದ ಸಾರು ತಿಂದು ಬೆಳೆದ ಮಕ್ಕಳೇ ಡಾಕ್ಟರಾಗಿದ್ದಾರೆ, ಇವರೇನು ದೊಡ್ಡ ಮಾತಾಡುವುದು ಅನಿಸಿತು. ಆದರೆ ಮಾರನೇ ಬೆಳಗಿನ ಜಾವ ಹಂದಿಕಾಲಿನ ತಪ್ಪಲೆಗೆ ಬೆಲ್ಲ ಹಾಕುವಾಗ ಕೈ ನಿಂತಿತು. ನಮ್ಮದು ತೆಂಗಿನ ಬೆಲ್ಲದ ಸೀಮೆ, ಮೀನಿನ ಸಾರಿಗೂ ಬೆಲ್ಲ ಬೀಳಬೇಕು. ನಾನು ಅಲ್ಲಿಯತನಕ ಅಳೆದು ನೋಡಿರಲೇ ಇಲ್ಲ. ಅಂದು ಅಳೆದೆ. ಒಂದು ತಪ್ಪಲೆಗೆ ಎರಡು ಉಂಡೆ ಬೆಲ್ಲ, ಒಂದು ಲೋಟ ಮೀನು ಸಾಸು. ಕೊಬ್ಬು ಮೇಲೆ ಒಂದು ಬೆರಳು ದಪ್ಪ ನಿಂತಿತ್ತು. ಅದನ್ನು ಕಟ್ಟಿಸಿಕೊಂಡು ವಾರಕ್ಕೊಮ್ಮೆ ತಿಂದವನು ಚಪ್ಪರಿಸಿ ಹೋಗುತ್ತಾನೆ. ನನ್ನ ತಮ್ಮ ಅದನ್ನು ಇಪ್ಪತ್ತೆರಡು ವರ್ಷದಿಂದ ದಿನಾ ತಿಂದಿದ್ದ. ಸಂತೆಬೀದಿಯಲ್ಲಿ ಅವನನ್ನು ತಿನ್ನಿಸಿ ತಿನ್ನಿಸಿ ಕೊಲ್ಲುವ ಪುಣ್ಯಾತ್ಮಳು ನಾನೇ.

ಆ ವಾರವೇ ಎಡಗಡೆ ಮೇಜಿನ ಮೇಲೆ ಹೊಸ ಕಟ್ಟುಗಳನ್ನಿಟ್ಟೆ. ಕೆಂಪಕ್ಕಿ ಅನ್ನ, ಸೋರೆಕಾಯಿಯ ತಿಳಿಸಾರು, ಸುಟ್ಟ ಮೀನು, ಎರಡು ಹೋಳು ಸೀಬೆಹಣ್ಣು. ಮೊದಲು ಬಂದವರು ನಿವೃತ್ತ ಟೀಚರ್ ವಿಲಾಯಿ ಮೇಡಂ. ಗಂಡ ಹೋಗಿ ಏಳು ವರ್ಷವಾಯಿತು, ಅವರ ಹೆಸರಿಗೆ ಒಂದು ದಿನವೂ ಹಂದಿಕಾಲು ತಪ್ಪಿಸಿದವರಲ್ಲ.

"ಮೇಡಂ, ಇವತ್ತು ಸೋರೆಕಾಯಿ ತಗೊಳ್ಳಿ. ಗುರುಗಳ ಆರೋಗ್ಯಕ್ಕೂ ಒಳ್ಳೇದು."

"ಅಯ್ಯೋ ಬುಪ್ಪಾ, ನಮ್ಮೆಜಮಾನ್ರು ಬದುಕಿದ್ದಾಗ ಸೋರೆಕಾಯಿ ಇಟ್ರೆ ತಟ್ಟೆ ಸಮೇತ ಕಾಲುವೆಗೆ ಎಸೀತಿದ್ರು. ಈಗ ಅಲ್ಲಿಂದ ನನ್ ತಲೆ ಮೇಲೆ ಎಸೀತಾರೆ ಅಷ್ಟೆ."

"ಡಾಕ್ಟ್ರು ಹೇಳಿದಾರೆ ಮೇಡಂ..."

"ಸತ್ತೋರಿಗೆ ಯಾವ ಡಾಕ್ಟ್ರೇ? ಸುಮ್ನೆ ಹಂದಿಕಾಲು ಕಟ್ಟು, ಸಾಲು ಬರ್ತಾ ಇದೆ."

ಅವರ ಹಿಂದೆ ಬಾಡಿಗೆ ಮೋಟಾರ್‌ಬೈಕಿನ ಸನಿತ್ ನಿಂತಿದ್ದ. ಕಿತ್ತಳೆ ಬಣ್ಣದ ಅಂಗಿ, ಬಾಯಿ ತುಂಬ ತಮಾಷೆ. ಅವನಿಗೂ ಸೋರೆಕಾಯಿ ತೋರಿಸಿದೆ. ಅವನು ನಗಲಿಲ್ಲ.

"ಬೇಡ ಚಿಕ್ಕಮ್ಮ. ಅಮ್ಮಂಗೆ ಶುಗರ್ ಇತ್ತಲ್ಲ, ಕೊನೇ ಎರಡು ವರ್ಷ ಒಂದು ಚೂರು ಸಿಹಿ ಕೊಡ್ಲಿಲ್ಲ ನಾನು. ಡಬ್ಬಿ ಬಚ್ಚಿಡ್ತಿದ್ದೆ. ಹುಡುಕ್ತಾ ಹುಡುಕ್ತಾ ಅಳ್ತಿದ್ಲು. ಈಗಾದ್ರೂ ತಿನ್ಲಿ ಬಿಡಿ."

ಮೊಟ್ಟೆ ಹನಿಗಳ ಚೀಲ ಎರಡು ಕೊಟ್ಟೆ. ಸೋರೆಕಾಯಿಯ ಕಟ್ಟು ಮೂವತ್ತಕ್ಕೆ ಮೂವತ್ತೂ ಉಳಿದವು, ಸಂಜೆ ಪಕ್ಕದ ಮನೆಯ ಬಾತುಕೋಳಿಗಳು ಪಥ್ಯ ಮಾಡಿದವು.

ಮತ್ತೆ ತಮ್ಮನ ಹತ್ತಿರ ಹೋದೆ. ವಿಹಾರದ ಹಿತ್ತಿಲಲ್ಲಿ ಅವನ ಮರದ ಕೋಣೆ, ಮುಂದೆ ಪುಟ್ಟ ಜಗಲಿ. ಭಿಕ್ಷುವಿನೊಡನೆ ಹೆಂಗಸು ಒಬ್ಬಳೇ ಕೂರಬಾರದೆಂದು ವಿಹಾರದ ಕೆಲಸ ನೋಡುವ ಫುವಾಂಗ್ ತಾತ ಒಂದು ಮೂಲೆಯಲ್ಲಿ ಕೂತು ತೂಕಡಿಸುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತೆ.

"ಗುರುಗಳೇ, ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ."

"ಊಟ ಬಲ್ಲವನು ಊಟ ಆರಿಸಿಕೊಳ್ತಾನೆ ಅಕ್ಕ. ನಾನು ಪಾತ್ರೆ ಹಿಡಿಯೋನು."

"ಪಾತ್ರೆಗೆ ಬಿದ್ದಿದ್ದೆಲ್ಲ ತಿನ್ಬೇಕಾ? ಬದಿಗಿಡಿ."

"ಸನಿತ್ ಅಳ್ತಾ ಹಾಕ್ತಾನೆ. ಮಧ್ಯಾಹ್ನ ಬಂದು, ಅಮ್ಮನ ಸಿಹಿ ತಿಂದ್ರಾ ಗುರುಗಳೇ ಅಂತ ಕೇಳ್ತಾನೆ. ಸುಳ್ಳು ಹೇಳಲಾ? ಒಂದು ಚಮಚ ತಿಂತೀನಿ, ಅಷ್ಟೇ."

"ದಿನಕ್ಕೆ ಎಷ್ಟು ಜನರದ್ದು ಒಂದೊಂದು ಚಮಚ?"

"ಎಣಿಸಿಲ್ಲ."

"ನಾನು ಎಣಿಸಿದೀನಿ. ಮೂವತ್ತೆರಡು!" ನನ್ನ ಗಂಟಲು ಏರಿತು, ಫುವಾಂಗ್ ತಾತ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚಿದ. "ಕಾಯಿಲೆ ಬಿದ್ದ ಭಿಕ್ಷು ತನಗೆ ಬೇಕಾದ್ದು ಬಾಯಿಬಿಟ್ಟು ಕೇಳ್ಬಹುದು ಅಂತ ನಿಮ್ಮ ನಿಯಮದಲ್ಲೇ ಇದೆಯಂತೆ. ಹಿರಿಯ ಗುರುಗಳೇ ಹೇಳಿದ್ರು. ಕೇಳಿ ಮತ್ತೆ. ಸೋರೆಕಾಯಿ ಕೊಡಿ ಅಂತ ಕೇಳಿ. ನೀವು ಕೇಳಿದ್ರೆ ಇಡೀ ಬೀದಿ ತಂದು ಸುರಿಯುತ್ತೆ."

ಅವನು ಪಾದಕ್ಕೆ ಸುತ್ತಿದ ಬ್ಯಾಂಡೇಜಿನ ಅಂಚು ಸರಿಮಾಡಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ:

"ಇವತ್ತು ಕಾಯಿಲೆ ಅಂತ ಸೋರೆಕಾಯಿ ಕೇಳ್ತೀನಿ. ನಾಳೆ ನಾಲಿಗೆ ಅದೇ ದಾರೀಲಿ ಬಂದು ಇನ್ನೇನೋ ಕೇಳುತ್ತೆ. ಇಪ್ಪತ್ತೆರಡು ವರ್ಷ ಯಾರ ಹತ್ರಾನೂ ಏನೂ ಕೇಳಿಲ್ಲ ಅಕ್ಕ. ನನಗೆ ಪಾಠ ಬರಲ್ಲ, ಧ್ಯಾನ ಅಂದ್ರೆ ನಿದ್ದೆ. ನನ್ನದು ಅಂತ ಇರೋದು ಇದೊಂದೇ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಹಟಮಾರಿ ಎಂದು ಬೈದು ಬರುತ್ತಿದ್ದೆ. ಇವನು ಮಗುವಾಗಿದ್ದಾಗಲೂ ಹೀಗೇ, ಹಸಿದರೂ ಕೇಳುತ್ತಿರಲಿಲ್ಲ, ಬಂದು ನನ್ನ ಮೊಣಕಾಲಿಗೆ ಒರಗಿ ನಿಲ್ಲುತ್ತಿದ್ದ. ನಾನೇ ತಿಳಿದುಕೊಂಡು ತಿನ್ನಿಸಬೇಕಿತ್ತು. ಈಗಲೂ ನಾನೇ ತಿಳಿದುಕೊಂಡು ಮಾಡಬೇಕು ಎಂದು ಮೆಟ್ಟಿಲು ಇಳಿಯುತ್ತಲೇ ನಿಶ್ಚಯ ಮಾಡಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನಮ್ಮಲ್ಲಿ ಭಿಕ್ಷೆಗೆಂದು ಕೊಂಡ ಊಟವನ್ನು ಯಾರೂ ಮುಂಚಿತವಾಗಿ ರುಚಿ ನೋಡುವುದಿಲ್ಲ. ಮೂಸುವುದೂ ತಪ್ಪು. ಎಂಜಲು ಮಾಡಿದ ಹಾಗೆ. ಕೊಂಡವರು ಚೀಲವನ್ನು ಕಣ್ಣಲ್ಲಿ ನೋಡುತ್ತಾರೆ, ಪಾತ್ರೆಗೆ ಹಾಕುತ್ತಾರೆ, ಮುಗಿಯಿತು. ಎಡಗಡೆ ಮೇಜಿನ ಅಡುಗೆಯ ರುಚಿ ಊರಿನಲ್ಲಿ ಭಿಕ್ಷುಗಳಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಾಗುವಂತಿಲ್ಲ. ಭಿಕ್ಷುಗಳು ಊಟದ ಬಗ್ಗೆ ಬಾಯಿ ಬಿಡುವವರಲ್ಲ. ಮೂವತ್ತಾರು ವರ್ಷದ ವ್ಯಾಪಾರದಲ್ಲಿ ಒಂದು ದಿನವೂ ಬಾರದ ಕಳ್ಳಬುದ್ಧಿ ಅರವತ್ತೊಂದನೇ ವಯಸ್ಸಿನಲ್ಲಿ ಬಂತು.

ಹೊಸ ವರ್ಷದ ನೀರಾಟ ಮುಗಿದ ಮೇಲೆ, ಏಪ್ರಿಲ್ ಕೊನೆಯಲ್ಲಿ ಶುರು ಮಾಡಿದೆ. ಭಿಕ್ಷೆಯ ಎಡಗಡೆಗೆ ಬೇರೆ ತಪ್ಪಲೆ, ಬದುಕಿರುವ ಗಿರಾಕಿಗಳ ಬಲಗಡೆಗೆ ಬೇರೆ ತಪ್ಪಲೆ. ಎಡಗಡೆಯ ಹಂದಿಕಾಲಿಗೆ ಬೆಲ್ಲವಿಲ್ಲ, ಮೀನು ಸಾಸಿಲ್ಲ, ಕೊಬ್ಬು ತೆಗೆದು, ಬಣ್ಣಕ್ಕೆ ಕಪ್ಪು ಸೋಯಾ ನಾಲ್ಕು ಹನಿ. ಕೋಳಿಸಾರಿಗೆ ತೆಂಗಿನಹಾಲಿನ ಬದಲು ಸೋಯಾ ಹಾಲು, ಮೇಲೆ ಎಣ್ಣೆ ತೇಲಿದಂತೆ ಕಾಣಲು ಒಂದು ಚಮಚ ಮಾತ್ರ ಕಾಯಿಹಾಲು. ಮೊಟ್ಟೆಯ ಹನಿಗಳನ್ನು ಪಾಕದ ಬದಲು ಮಲ್ಲಿಗೆ ನೀರಿನಲ್ಲಿ ಬೇಯಿಸಿದೆ. ಆಕಾರ ಕೊಂಚ ಕೆಟ್ಟಿತು, ಚೀಲದೊಳಗೆ ಯಾರಿಗೆ ಕಾಣಬೇಕು? ಹಸಿರು ಪಾನಕದಲ್ಲಿ ಹಸಿರು ಮಾತ್ರ ಇತ್ತು. ಅನ್ನದ ಚೀಲದಲ್ಲಿ ಅನ್ನ ಕಮ್ಮಿ, ಗಾಳಿ ಜಾಸ್ತಿ. ಪ್ರತಿದಿನ ಚೀಲ ಕಟ್ಟುತ್ತಾ ಸತ್ತವರಿಗೆ ಕೈ ಮುಗಿದು ಕೇಳಿಕೊಳ್ಳುತ್ತಿದ್ದೆ, ಸ್ವಲ್ಪ ದಿನ ಹೊಂದಿಕೊಳ್ಳಿ ಅಂತ. ಹುಣ್ಣಿಮೆಗೆ ಅಮ್ಮನ ಹೆಸರಿನಲ್ಲಿ ನಾನು ಹಾಕುವ ಸಿಹಿಯೂ ಸಪ್ಪೆಯೇ. ನಿನ್ನ ಮಗನ ಕಾಲು ಉಳಿಯಲಿ, ಬೈಯಬೇಡ ಅಮ್ಮಾ ಅಂದೆ.

ಜನ ತಂದುಕೊಟ್ಟ ಸಿಹಿ ಬಾಟಲಿಗಳು ತಮ್ಮನ ಕೋಣೆಯ ಮೂಲೆಯಲ್ಲಿ ಪೇರಿಸಿಟ್ಟಿದ್ದವು. ಮಧ್ಯಾಹ್ನದ ಮೇಲೆ ಭಿಕ್ಷುಗಳಿಗೆ ಊಟವಿಲ್ಲ, ಸಕ್ಕರೆ ನೀರು, ಬೆಲ್ಲ, ಜೇನು ಆಗುತ್ತದೆ. ಹಸಿವಿಗೆ ಅದನ್ನೇ ಕುಡಿಯುತ್ತಿದ್ದ. ಫುವಾಂಗ್ ತಾತನಿಗೆ ಹೇಳಿ ಒಂದೂ ಬಿಡದೆ ಶಾಲೆಯ ಮಕ್ಕಳಿಗೆ ಹಂಚಿಸಿದೆ.

ನಾಲ್ಕನೇ ದಿನ ಜಗಲಿಯಲ್ಲಿ ತಮ್ಮ ನನ್ನ ಮುಖವನ್ನೇ ನೋಡುತ್ತಾ, "ಅಕ್ಕ, ನಮ್ಮೂರಲ್ಲಿ ಸತ್ತವರೆಲ್ಲ ಒಟ್ಟಿಗೇ ಪಥ್ಯ ಶುರು ಮಾಡಿದ ಹಾಗಿದೆ," ಅಂದ.

"ಒಳ್ಳೇದೇ ಅಲ್ವಾ ಗುರುಗಳೇ? ಸತ್ತ ಮೇಲಾದ್ರೂ ಬುದ್ಧಿ ಬಂತು."

ಅವನು ನಕ್ಕ. ಹೊಟ್ಟೆ ಕುಣಿಯುವ ಹಾಗೆ, ಕಾವಿಯ ಅಂಚಿನಿಂದ ಕಣ್ಣೊರೆಸಿಕೊಂಡು ನಕ್ಕ. ಫುವಾಂಗ್ ತಾತ ಏನೆಂದು ತಿಳಿಯದೆ ತಾನೂ ನಕ್ಕ. ತಮ್ಮನಿಗೆ ಗೊತ್ತಾಗಿದೆ, ಬೇಡ ಅನ್ನಲಿಲ್ಲ, ಅಷ್ಟು ಸಾಕಿತ್ತು ನನಗೆ. ಎಷ್ಟೋ ವರ್ಷದ ಮೇಲೆ ಅಕ್ಕ ತಮ್ಮ ಸೇರಿ ಒಂದು ಕಳ್ಳಾಟ ಆಡುತ್ತಿದ್ದೆವು.

ಒಂದು ಸಲ ಮಾತ್ರ ಸಿಕ್ಕಿಬಿದ್ದೆ ಅಂದುಕೊಂಡೆ. ವಿಲಾಯಿ ಮೇಡಂ ಬೆಳಿಗ್ಗೆ ಬಂದು ಗುಟ್ಟಾಗಿ, "ನಮ್ಮೆಜಮಾನ್ರು ಕನಸಲ್ಲಿ ಬಂದಿದ್ರು ಬುಪ್ಪಾ," ಅಂದರು.

"ಏನಾದ್ರೂ ಹೇಳಿದ್ರಾ?"

"ಇಲ್ಲ. ಅಡುಗೆಮನೇಲಿ ಎಲ್ಲಾ ಡಬ್ಬಿ ತೆಗೆದು ಮೀನು ಸಾಸಿನ ಬಾಟ್ಲಿ ಹುಡುಕ್ತಾ ಇದ್ರು. ಸಿಟ್ಟಾಗಿದ್ರು. ಯಾಕಿರ್ಬಹುದು?"

"ಹಸಿವಾಗಿರ್ಬೇಕು ಮೇಡಂ."

"ಹಾಗೇ ಇರ್ಬೇಕು. ನಾಳೆಯಿಂದ ಎರಡು ಕಟ್ಟು ಕೊಡು."

ಪಾದದ ಹುಣ್ಣು ಒಣಗತೊಡಗಿತು. ಮೇ ತಿಂಗಳಲ್ಲಿ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತು. ಮುನ್ನೂರು ದಾಟುತ್ತಿದ್ದ ಸಕ್ಕರೆ ಜೂನ್‌ನಲ್ಲಿ ನೂರ ಹತ್ತಕ್ಕೆ ಇಳಿಯಿತು. ಕಾಲುವೆ ಆಚೆಯ ಪುಟ್ಟ ಆರೋಗ್ಯ ಕೇಂದ್ರದಲ್ಲಿ ನರ್ಸ್ ಒರಾಥೈ ಚೀಟಿ ಹಿಡಿದು ಕಣ್ಣರಳಿಸಿದಳು. ತಮ್ಮ ಒಳಗೆ ಗಾಯ ಕಟ್ಟಿಸಿಕೊಳ್ಳುತ್ತಿದ್ದ, ನಾನು ಹೊರಗೆ ಬೆಂಚಿನ ಮೇಲಿದ್ದೆ.

"ಚಿಕ್ಕಮ್ಮ, ಇದು ಹೇಗೆ ಇಳೀತು? ಊಟ ಏನಾದ್ರೂ ಬದಲಾಯ್ತಾ? ಬದಲಾಗಿದ್ರೆ ಹೇಳಿ, ಡಾಕ್ಟ್ರಿಗೆ ಫೋನ್ ಮಾಡಿ ಇಂಜೆಕ್ಷನ್ ಕಮ್ಮಿ ಮಾಡಿಸ್ಬೇಕಾಗುತ್ತೆ."

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಬಿ.ಪಿ. ತೋರಿಸಲು ಬಂದ ವಿಲಾಯಿ ಮೇಡಂ ಕೂತಿದ್ದರು. ಏಳು ವರ್ಷದಿಂದ ಗಂಡನಿಗೆ ಊಟ ಹಾಕುತ್ತಿರುವ ಹೆಂಗಸು, ಕಿವಿ ಇತ್ತಲೇ ಇತ್ತು. ನಾನು ಬಾಯಿಬಿಟ್ಟರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತು. ಬುಪ್ಪಾ ಸತ್ತವರಿಗೆ ಮೋಸ ಮಾಡುತ್ತಾಳೆ ಅಂದಮೇಲೆ ನಾಳೆಯಿಂದ ಎಲ್ಲರೂ ಸೇತುವೆ ಹತ್ತಿರದ ಅಂಗಡಿಗೆ ಹೋಗುತ್ತಾರೆ, ಅಲ್ಲಿಯ ಹಂದಿಕಾಲು ನನ್ನದಕ್ಕಿಂತ ಸಿಹಿ. ತಮ್ಮನ ಪಾತ್ರೆಗೆ ಮತ್ತೆ ಅದೇ ಬೀಳುತ್ತದೆ.

"ಇಲ್ಲಮ್ಮ. ಊಟ ಅದೇ," ಅಂದೆ.

"ಹಾಗಿದ್ರೆ ಔಷಧಿ ಹಿಡಿದಿದೆ ಅಂತಾಯ್ತು. ಅದೇ ಡೋಸ್ ಮುಂದುವರಿಸ್ಲಿ." ಅವಳು ಬರೆದುಕೊಂಡಳು. ಅವಳದೇನೂ ತಪ್ಪಿಲ್ಲ. ಕೇಳಬೇಕಾದ್ದನ್ನು ಕೇಳಿದ್ದಳು.

ಇಂಜೆಕ್ಷನ್ ಕಮ್ಮಿ ಮಾಡುವುದೆಂದರೇನು, ಮಾಡದಿದ್ದರೆ ಏನಾಗುತ್ತದೆ ಎಂದು ನಾನು ಯೋಚಿಸಲಿಲ್ಲ. ಸಕ್ಕರೆ ಏರಿದರೆ ಸಾವು, ಇಳಿದರೆ ಬದುಕು, ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಇಳಿದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ.

ನಮ್ಮ ಚಾಂದ್ರಮಾನದ ಎಂಟನೇ ತಿಂಗಳ ಹುಣ್ಣಿಮೆ ಬಂತು. ಮಾರನೇ ದಿನದಿಂದ ಭಿಕ್ಷುಗಳ ಮಳೆಗಾಲದ ವಾಸ ಶುರು. ಅಂದು ಊರಿಗೆ ಊರೇ ಭಿಕ್ಷೆ ಹಾಕಲು ನಿಲ್ಲುತ್ತದೆ. ದಿನಾ ಕೆಲವು ಕಟ್ಟು ಮಾರುತ್ತಿದ್ದ ಸೇತುವೆ ಹತ್ತಿರದ ಅಂಗಡಿಯವಳು ಮಗಳ ಹೆರಿಗೆಗೆ ಹೋಗಿ ಬಾಗಿಲು ಹಾಕಿದ್ದಳು. ಎಲ್ಲರೂ ನನ್ನಲ್ಲಿಗೇ ಬಂದರು. ಸಾಲು ಮುಗಿಯುವ ಹೊತ್ತಿಗೆ ಎಡಗಡೆ ಮೇಜು ಖಾಲಿ. ತಮ್ಮನ ಪಾತ್ರೆ ಮೂರು ಸಲ ತುಂಬಿತು, ಮೂರು ಸಲವೂ ತಾತನ ಗಾಡಿಗೆ ಸುರಿದರು, ಒಂದು ಚೀಲವೂ ಹೊರಗಿನದಲ್ಲ. ಇವತ್ತು ಒಂದು ಚಮಚ ಸಕ್ಕರೆಯೂ ಅವನ ಹೊಟ್ಟೆಗೆ ಹೋಗುವುದಿಲ್ಲ ಎಂದು ನಾನು ಹಿಗ್ಗಿದೆ. ಹಾಗೆ ಹಿಗ್ಗಿದ್ದು ನೆನಪಾದರೆ ಈಗಲೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಮಧ್ಯಾಹ್ನ ಎರಡಕ್ಕೆ ಸಂತೆ ಮುಗಿಸಿ, ಬುಟ್ಟಿ ಹಿಡಿದುಕೊಂಡೇ ವಿಹಾರಕ್ಕೆ ಹೋದೆ. ಸಂಜೆಯ ಮೇಣದಬತ್ತಿ ಮೆರವಣಿಗೆಗೆ ಹೂ ಕಟ್ಟಲು ಫುವಾಂಗ್ ತಾತ ದೊಡ್ಡ ಮಂಟಪಕ್ಕೆ ಹೋಗಿದ್ದ. ತಮ್ಮ ಜಗಲಿಯಲ್ಲಿ ಚಾಪೆಯ ಮೇಲೆ ಕೂತಿದ್ದ. ಕಾವಿ ಬೆವರಿಗೆ ಒದ್ದೆಯಾಗಿ ಮೈಗಂಟಿತ್ತು. ಜುಲೈ ಸೆಕೆ, ನನಗೂ ಬೆವರುತ್ತಿತ್ತು. ಬುಟ್ಟಿ ಪಕ್ಕಕ್ಕಿಟ್ಟು, ನೆರಳಿನ ಕಡೆಗೆ ಮೆಟ್ಟಿಲ ಮೇಲೆ ಕೂತೆ.

"ಅಕ್ಕ," ಅಂದ. ದನಿ ಬೇರೆಯಾಗಿತ್ತು, ಸಿಡುಕಿದ ಹಾಗೆ. "ಸಿಹಿ ಏನಾದ್ರೂ ಇದ್ಯಾ?"

ನಾನು ಅವನ ಮುಖ ನೋಡಿದೆ. ತುಟಿ ಬೆಳ್ಳಗಿತ್ತು. ಮಡಿಲಲ್ಲಿ ಕೈಗಳು ನಡುಗುತ್ತಿದ್ದವು.

"ಒಂದು ಚೂರು ಬೆಲ್ಲ ಕೊಡು. ಒಂದೇ ಚೂರು."

'ಕೊಡು' ಅಂದ. ಕಾವಿ ಉಟ್ಟ ಮೇಲೆ ನನ್ನೊಡನೆ ಹಾಗೆ ಮಾತಾಡಿರಲಿಲ್ಲ. ನನಗೆ ಅದು ಪ್ರೀತಿಯಾಗಿ ಕೇಳಿಸಬೇಕಿತ್ತು, ಭಯವಾಗಿ ಕೇಳಿಸಬೇಕಿತ್ತು. ನನಗೆ ಕಂಡದ್ದು ನಾಲಿಗೆಯ ಚಪಲ. ಸನಿತನ ಅಮ್ಮನೂ ಹೀಗೇ ಡಬ್ಬಿ ಹುಡುಕುತ್ತಿದ್ದಳಂತಲ್ಲ. ಮೂರು ತಿಂಗಳು ಬೆಳಗಿನ ಜಾವ ಎರಡೆರಡು ಅಡುಗೆ ಮಾಡಿ, ಊರಿಗೆಲ್ಲ ಸುಳ್ಳು ಹೇಳಿ, ಸತ್ತವರ ಶಾಪ ಕಟ್ಟಿಕೊಂಡು ಉಳಿಸಿದ ಕಾಲು ನನ್ನ ಕಣ್ಣ ಮುಂದೆ ಇತ್ತು.

"ಏನು ಗುರುಗಳೇ ಇದು, ಮಗು ಥರ? ಇಷ್ಟು ದಿನ ಪಟ್ಟ ಪಾಡು ನೀರಲ್ಲಿ ಹೋಮ ಮಾಡ್ಬೇಕಾ? ಯಾರ ಹತ್ರಾನೂ ಏನೂ ಕೇಳಲ್ಲ ಅಂತಿದ್ರಿ. ಈಗ ನೋಡಿ, ನಾಲಿಗೆ ಹೇಗೆ ಕೇಳ್ತಿದೆ."

ಅವನು ನನ್ನನ್ನೇ ನೋಡಿದ. ಏನೋ ನೆನಪು ಮಾಡಿಕೊಳ್ಳುವವನ ಹಾಗೆ ಹುಬ್ಬು ಗಂಟಾಯಿತು.

"ಹೌದು," ಅಂದ. "ತಪ್ಪಾಯ್ತು ಅಕ್ಕ."

ಆಮೇಲೆ ಮೆಲ್ಲಗೆ ಗೋಡೆಯ ಕಡೆ ತಿರುಗಿ ಮಲಗಿದ. ನೀರಿನ ಬಾಟಲಿಯನ್ನು ಅವನ ಕೈಗೆ ಎಟುಕುವ ಹಾಗೆ ಇಟ್ಟೆ. ಮುಟ್ಟಿ ನೋಡಿದ್ದರೆ ಆ ಬೆವರು ಮಂಜಿನ ಹಾಗೆ ತಣ್ಣಗಿದೆ ಎಂದು ಗೊತ್ತಾಗುತ್ತಿತ್ತು. ನಾನು ಮುಟ್ಟುವಂತಿರಲಿಲ್ಲ. ಮಲಗಲಿ, ಚಪಲ ಇಳಿಯುತ್ತದೆ ಎಂದು ಮನೆಗೆ ಬಂದೆ. ನಿಜ ಹೇಳಬೇಕೆಂದರೆ ನನಗೆ ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು.

ಐದೂವರೆಗೆ ಮೆರವಣಿಗೆಗೆ ಅವನು ಬರಲಿಲ್ಲವೆಂದು ಫುವಾಂಗ್ ತಾತ ಹೋಗಿ ನೋಡಿದಾಗ ಬಾಯಲ್ಲಿ ನೊರೆಯಿತ್ತು, ಕರೆದರೆ ಎಚ್ಚರವಿರಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಸಾಗಿಸಿದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇಪ್ಪತ್ತನಾಲ್ಕು. ಅಲ್ಲಿದ್ದ ಎಳೆಯ ವಯಸ್ಸಿನ ಡಾಕ್ಟರಮ್ಮ, ಇವರು ಬೆಳಿಗ್ಗೆ ಏನು ತಿಂದಿದ್ದರು, ಎಷ್ಟು ಇಂಜೆಕ್ಷನ್ ತೆಗೆದುಕೊಂಡಿದ್ದರು ಎಂದು ಕೇಳಿದಳು. ನಾನು ಎಲ್ಲ ಹೇಳಿದೆ. ಬೆಲ್ಲವಿಲ್ಲದ ಹಂದಿಕಾಲು, ಗಾಳಿ ತುಂಬಿದ ಅನ್ನದ ಚೀಲ, ಬೆಂಚಿನ ಮೇಲೆ ಹೇಳಿದ ಸುಳ್ಳು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇಂಜೆಕ್ಷನ್ ಇದ್ದಿದ್ದು ಆ ಬೆಲ್ಲಕ್ಕೆ ಅಮ್ಮ. ಬೆಲ್ಲ ತೆಗೆದ್ರಿ, ಇಂಜೆಕ್ಷನ್ ಹಾಗೇ ಬಿಟ್ರಿ," ಅಂದಳು. ಬರೆದುಕೊಳ್ಳುತ್ತಲೇ, "ನಡುಕ ಶುರುವಾದಾಗ ಏನಾದ್ರೂ ಸಿಹಿ ಬಾಯಿಗೆ ಹಾಕಿದ್ರೆ ಸಾಕಿತ್ತು. ಅವರು ಕೇಳ್ಲಿಲ್ವಾ?" ಅಂದಳು.

ಇದಾಗಿ ಐದು ತಿಂಗಳು. ನನ್ನ ತಮ್ಮ ಸಾಯಲಿಲ್ಲ. ವಿಹಾರದ ಕಾಯಿಲೆ ಕೋಣೆಯಲ್ಲಿ ಕಣ್ಣು ತೆರೆದು ಮಲಗಿದ್ದಾನೆ. ನನ್ನನ್ನೂ ನೋಡುತ್ತಾನೆ, ಫ್ಯಾನನ್ನೂ ನೋಡುತ್ತಾನೆ, ಎರಡಕ್ಕೂ ವ್ಯತ್ಯಾಸವಿಲ್ಲ. ಮೂಗಿನಲ್ಲಿ ನಳಿಕೆ ಇದೆ. ಆಸ್ಪತ್ರೆಯವರು ಬರೆದುಕೊಟ್ಟ ಅಳತೆಯಲ್ಲಿ ಕೋಳಿ, ಕುಂಬಳ, ಮೊಟ್ಟೆ, ಬಾಳೆಹಣ್ಣು ಬೇಯಿಸಿ, ನುಣ್ಣಗೆ ರುಬ್ಬಿ, ಸೋಸಿ ತರುವವಳು ನಾನು. ನಳಿಕೆಗೆ ಹಾಕುವುದು ಫುವಾಂಗ್ ತಾತ. ನಾನು ಒಂದು ಮೊಳ ದೂರ ಕೂರುತ್ತೇನೆ. ಭಿಕ್ಷೆಯ ಕಟ್ಟು ಮಾರುವುದು ಬಿಟ್ಟೆ, ಜನ ಸೇತುವೆ ಹತ್ತಿರ ಕೊಳ್ಳುತ್ತಾರೆ. ವಿಲಾಯಿ ಮೇಡಂ ಒಂದೇ ಒಂದು ದಿನ ಬಂದು, ನನ್ನ ಕೈ ಒತ್ತಿ ಹಿಡಿದು ಹೋದರು.

ನರ್ಸ್ ಒರಾಥೈ ವಾರಕ್ಕೊಮ್ಮೆ ಬಂದು ಬೆರಳು ಚುಚ್ಚುತ್ತಾಳೆ. ಹೋದ ವಾರ ಚೀಟಿ ನೋಡಿ, "ನೂರ ಹದಿನೆಂಟು. ಇಷ್ಟು ಚೆನ್ನಾಗಿ ಯಾವತ್ತೂ ಇರ್ಲಿಲ್ಲ ಚಿಕ್ಕಮ್ಮ," ಅಂದವಳು, ಅಂದಿದ್ದಕ್ಕೆ ತಾನೇ ತುಟಿ ಕಚ್ಚಿಕೊಂಡಳು. ಪಾದದ ಹುಣ್ಣು ಪೂರ್ತಿ ವಾಸಿಯಾಗಿದೆ. ಮಗುವಿನ ಪಾದದ ಹಾಗಿದೆ ಈಗ, ನೆಲ ಮುಟ್ಟಿ ಐದು ತಿಂಗಳಾಯಿತಲ್ಲ.

ಹಿರಿಯ ಗುರುಗಳು ನನ್ನನ್ನು ಸಮಾಧಾನ ಮಾಡಲು ನೋಡಿದರು. "ನಿನಗೆ ತಿಳೀದೆ ಆಗಿದ್ದು. ಕಾಯಿಲೇಲಿ ಕೇಳಿದ್ದು ದೋಷವಲ್ಲ ಬುಪ್ಪಾ, ಅವನ ವ್ರತ ಮುರೀಲಿಲ್ಲ," ಅಂದರು.

"ಅವನ ವ್ರತದ ಚಿಂತೆ ನನಗಿಲ್ಲ ಗುರುಗಳೇ," ಅಂದೆ. "ಹುಟ್ಟಿದಾಗಿನಿಂದ ಬಾಯಿಬಿಟ್ಟು ಏನೂ ಕೇಳದೋನು, ಕೇಳಿದ್ದು ಒಂದೇ ಸಲ. ನನ್ನ ಹತ್ರ."

ಅವರಿಗೆ ಅಷ್ಟು ಹೇಳಿದೆ. ಇನ್ನೊಂದನ್ನು ಅವರಿಗೂ ಹೇಳಿಲ್ಲ, ಡಾಕ್ಟರಮ್ಮನಿಗೂ ಹೇಳಿಲ್ಲ. ಅಂದು ಮಧ್ಯಾಹ್ನ ಸಂತೆಯಿಂದ ಬರುತ್ತಾ ಬಲಗಡೆ ತಪ್ಪಲೆಗಳಿಗೆಂದು ಬೆಲ್ಲ ಕೊಂಡಿದ್ದೆ. ಅವನು ಒಂದು ಚೂರು ಕೇಳಿದಾಗ ನನ್ನ ಬುಟ್ಟಿಯಲ್ಲಿ ಎರಡು ಕೇಜಿ ಇತ್ತು.